ತಂಗಿಯ ಡೆಮೊ ಕ್ಲಾಸಿಗೆ ನನ್ನ ಅಮೂಲ್ಯ ಸಹಾಯ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದವನು. ಆದರೂ ಕಿರಿಕಿರಿಯಾದಾಗ ಇಂಗ್ಲಿಷರು ಏನನ್ನುತ್ತಾರೆ ಎಂಬ ವಿಷಯದಲ್ಲಿ ನಮ್ಮೂರು ಕರೂರಿಗೆಲ್ಲ ನಾನೇ ಪಂಡಿತ. ಕಾರಣ, ತಂಗಿ ಸುಮಾ. ಕುರುಗೋಡಿನ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ಅವಳು ಡೆಮೊ ಕ್ಲಾಸ್ ಮಾಡಬೇಕಿತ್ತು. ಪಾಠವೂ ಅದೇ, ಕಿರಿಕಿರಿಯ ಇಂಗ್ಲಿಷ್ ನುಡಿಗಟ್ಟುಗಳು. ವಾರವಿಡೀ ಅಡುಗೆಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದಳು. ಎದುರಿಗೆ ಕೂತ ಇಡೀ ಕ್ಲಾಸು ನಾನೊಬ್ಬನೇ.

ಕಾಟ ಕೊಡುವವನು ನಮ್ಮಲ್ಲಿ ತಲೆ ತಿಂದರೆ, ಅಂಥವನಿಂದ ಇಂಗ್ಲಿಷರಿಗೆ ಕುತ್ತಿಗೆ ನೋಯುತ್ತದಂತೆ: ಪೇನ್ ಇನ್ ದ ನೆಕ್. ಕಾಟ ವಿಪರೀತವಾದರೆ ಗೋಡೆ ಹತ್ತುತ್ತಾರಂತೆ: ಅಪ್ ದ ವಾಲ್. ನಮ್ಮನ್ನು ಆಳಿದ್ದು ಇವರೇನಾ ಅನ್ನಿಸಿತು.

ಶಾಲೆಗೆ ಬೈಕಿನಲ್ಲಿ ಕರೆದೊಯ್ದೆ. "ಅಣ್ಣಾ, ಗಾಡಿ ಹತ್ರನ ನಿಂದ್ರು. ಒಳಗ ಬರಬ್ಯಾಡ" ಎಂದಳು. ನಾನು ಒಳಗೆ ಹೋಗಲಿಲ್ಲ. ಕಿಟಕಿ ಹೊರಗೇ ಇರುತ್ತದೆ ತಾನೆ?

ತಲೆ ತಿನ್ನುವವನಿಗೆ ಇಂಗ್ಲಿಷರು ಏನನ್ನುತ್ತಾರೆ ಎಂದು ಸುಮಾ ಮೊದಲ ಪ್ರಶ್ನೆ ಕೇಳಿದಳು. ಮಕ್ಕಳು ಬಾಯಿ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಹೆಡ್ ಮಿಸ್ ಮುಖ ಬಿಗಿದು ಕೂತಿದ್ದರು. ತಂಗಿಯ ಕೆಲಸ ಕೈತಪ್ಪುತ್ತಿದೆ, ಉತ್ತರ ನನ್ನ ನಾಲಿಗೆ ಮೇಲಿದೆ!

"ಪೇನ್ ಇನ್ ದ ನೆಕ್, ಟೀಚರ್" ಎಂದೆ ಕಿಟಕಿಯಿಂದ.

"ಯಾರ್ರಿ ಅವರು?" ಎಂದರು ಹೆಡ್ ಮಿಸ್.

"ನಮ್ಮಣ್ಣ ರೀ ಮೇಡಂ. ಈಗ ಹೋಗ್ತಾನ್ರಿ" ಎಂದಳು ಸುಮಾ, ನನ್ನತ್ತ ನೋಡದೆ.

ಹೋಗಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಕಾಟ ವಿಪರೀತವಾದರೆ ಏನನ್ನುತ್ತಾರೆ ಎಂಬ ಎರಡನೇ ಪ್ರಶ್ನೆಗೂ ಮಕ್ಕಳು ತಡವರಿಸಿದರು. ಮಾತಾಡಿದರೆ ತಾನೇ ತಪ್ಪು ಎಂದು ಮೂಕಾಭಿನಯಕ್ಕೆ ಇಳಿದೆ. ಕಿಟಕಿಯ ಸರಳು ಹಿಡಿದು, ಗೋಡೆಗೆ ಕಾಲು ಕೊಟ್ಟು ಹತ್ತತೊಡಗಿದೆ. ಇಡೀ ಕ್ಲಾಸು ನನ್ನತ್ತ ತಿರುಗಿತು. ಸರಳು ಕಿತ್ತು ಕೈಗೆ ಬಂತು. ಅದರ ಸಮೇತ ಕೆಳಗೆ ಬಿದ್ದು, ಎದ್ದು ಮತ್ತೆ ಇಣುಕಿದೆ.

ಸುಮಾ ಮಕ್ಕಳತ್ತ ತಿರುಗಿದಳು. "ಈಗ ಒಂದು ವಾಕ್ಯ ಮಾಡಿ ಹೇಳ್ರಿ, ನೋಡೋಣ."

ಎಲ್ಲ ಕೈಗಳೂ ಮೇಲೆದ್ದವು. ಮುಂದಿನ ಬೆಂಚಿನ ಹುಡುಗಿ ಎದ್ದು ಕಿಟಕಿಯತ್ತ ಬೆರಳು ತೋರಿಸಿ, ಒಂದೂ ತಪ್ಪಿಲ್ಲದೆ ಹೇಳಿದಳು: "ದ್ಯಾಟ್ ಮ್ಯಾನ್ ಈಸ್ ಎ ಪೇನ್ ಇನ್ ದ ನೆಕ್."

"ಪಾಠ ಮಕ್ಕಳಿಗೆ ಚಲೋ ತಿಳಿದೈತಮ್ಮ" ಎಂದರು ಹೆಡ್ ಮಿಸ್. "ಆದ್ರ ಉದಾಹರಣಿ ದಿನಾ ನಿಮ್ಮ ಜೋಡಿ ಬೈಕ್ ಮ್ಯಾಲ ಬರಾಂಗಿದ್ರ ನಮಗ ಕಷ್ಟ."

ಅಲ್ಲಿಗೆ ಕೆಲಸ ಹೋಯಿತು. ದಾರಿಯಲ್ಲಿ ಸಮಾಧಾನ ಹೇಳಲು ಹೋದೆ.

"ಪಾಠ ಅಂತೂ ಚಲೋ ಆತಲ್ಲ ತಂಗಿ."

"ಗಾಡಿ ನಿಂದ್ರಸಣ್ಣಾ." ಇಳಿದು ಊರ ಕಡೆ ಹೋಗುವ ಸಿರುಗುಪ್ಪದ ಬಸ್ಸು ಹತ್ತಿದಳು.

ಅವಳ ಮುಖ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಬಳ್ಳಾರಿಯಲ್ಲಿ ಅವಳಿಗೆ ಮತ್ತೊಂದು ಡೆಮೊ ಇದೆಯಂತೆ. ಯಾವ ಶಾಲೆ, ಯಾವತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ನಾನು ಕೇಳಿದರೆ ಮಾತ್ರ ಅವ್ವ ಉತ್ತರ ಕೊಡುವುದಿಲ್ಲ. ಬೈಕಿನ ಕೀಲಿ ತೆಗೆದು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ.