ಅತ್ತೆಯ ಖಾಲಿ ಮೇಜು, ನನ್ನ ಮೆಮೊರಿ ಆಪ್ಟಿಮೈಸರ್

ನಮ್ಮ ಸೋದರತ್ತೆಗೆ ಯಾರ ಹೆಸರೂ ಬರುವುದಿಲ್ಲ. ಮರೆವು ಎಂದುಕೊಳ್ಳಬೇಡಿ. ಯಾರು ಯಾವ ಮದುವೆಗೆ ಯಾವ ಸೀರೆ ಉಟ್ಟು, ಅದಕ್ಕೆ ಒಪ್ಪದ ಯಾವ ರವಿಕೆ ತೊಟ್ಟು ಬಂದಿದ್ದರು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಹೆಸರಿನ ಅಗತ್ಯ ಅವಳಿಗೆ ಬೀಳಲಿಲ್ಲ, ಅಷ್ಟೆ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಹತ್ತು ಮಿಷಿನ್ನುಗಳ ಒಡತಿ ಅವಳು. ಅವಳ ಪಾಲಿಗೆ ಮನುಷ್ಯನೆಂದರೆ ಸೊಂಟದ ಅಳತೆ. "ಮೂವತ್ತಾರು ಬಂದಿದ್ದ, ಚಾ ಕುಡದು ಹೋದ" ಎಂದರೆ ಬ್ಯಾಂಕಿನ ಮ್ಯಾನೇಜರ್ ಬಂದಿದ್ದರು ಎಂದು ನಾವು ತಿಳಿದುಕೊಳ್ಳಬೇಕು. ಕಟ್ಟಿಕೊಂಡ ಗಂಡನನ್ನಾದರೂ ಬಿಟ್ಟಳೇ? "ನಮ್ಮ ಮೂವತ್ತೆಂಟು ಈ ವರ್ಷ ನಲವತ್ತಾಗ್ಯಾರ" ಎಂದು ಮಾವನ ಬಗ್ಗೆ ಊರಿಗೆಲ್ಲ ಹೇಳಿದ್ದಳು. ಮಾವ ಪಾಪ ಒಂದು ತಿಂಗಳು ರಾತ್ರಿ ಊಟ ಬಿಟ್ಟು ಬರೀ ಮಜ್ಜಿಗೆ ಕುಡಿದರು. ನಾನು ಇಪ್ಪತ್ತೆಂಟು.

ಎರಡನೆಯ ಹುಚ್ಚು ಮೇಜಿನದು. ಬಟ್ಟೆ ಕತ್ತರಿಸುವ ಮೇಜು ಎಂದರೆ ಸಣ್ಣದಲ್ಲ, ಆರು ಜನ ಕಾಲು ಚಾಚಿ ಮಲಗಬಹುದು. ಅದು ಸದಾ ಖಾಲಿ ಇರಬೇಕು. ಚಹಾದ ಲೋಟ ಇಟ್ಟರೆ ಲೋಟ ಮಾಯ, ಕನ್ನಡಕ ಇಟ್ಟರೆ ಕನ್ನಡಕ ಮಾಯ. ಕತ್ತರಿ, ಚಾಕ್‌ಪೀಸು, ಟೇಪುಗಳನ್ನೂ ಕೆಲಸ ಮುಗಿದ ಮರುಗಳಿಗೆಯೇ ಹಿಂದಿನ ಕೋಣೆಯ ಕಪಾಟಿಗೆ ಸೇರಿಸುತ್ತಿದ್ದಳು. ಐದು ನಿಮಿಷಕ್ಕೆ ಮತ್ತೆ ಅವು ಬೇಕಾಗುತ್ತಿದ್ದವು. ಆಗ ಇಡೀ ಮನೆಗೆ ಕೇಳುವಂತೆ "ನನ್ನ ಕತ್ತರಿ ಯಾರ್ ತಗದ್ರಿ?" ಎಂದು ಕೂಗುತ್ತಿದ್ದಳು.

ಒಮ್ಮೆ ಡಿ. ಹಿರೇಹಾಳಿನಿಂದ ಮಾವನ ಕಡೆಯ ನೆಂಟರೊಬ್ಬರು ಮದುವೆಗೆ ಕರೆಯಲು ಬಂದವರು, ಲಗ್ನಪತ್ರಿಕೆಯನ್ನು ಆ ಮೇಜಿನ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋದರು. ಅಷ್ಟರಲ್ಲಿ ಬಟ್ಟೆಯ ಥಾನುಗಳು ಬಂದವು. ಅತ್ತೆ ಆ ದಿನ ಯಾವ ಅವಸರದಲ್ಲಿದ್ದಳೋ, ಪತ್ರಿಕೆಯ ಮೇಲೆಯೇ ಮೂವತ್ತು ಪದರ ಡೆನಿಮ್ ಹಾಸಿ, ಗುರುತು ಹಾಕಿ, ಕತ್ತರಿಸಿಬಿಟ್ಟಳು. ಸಂಜೆ ಕಟ್ಟು ಬಿಚ್ಚಿದಾಗ ಹಿಂಜೇಬಿನ ಆಕಾರದ ಲಗ್ನಪತ್ರಿಕೆ ಕೈಗೆ ಬಂತು. ಅದರಲ್ಲಿ ಉಳಿದಿದ್ದದ್ದು "ಆಶೀರ್ವದಿಸಬೇಕಾಗಿ ಪ್ರಾರ್ಥನೆ" ಎಂಬ ಒಂದೇ ಸಾಲು. ಎಲ್ಲಿ, ಯಾವತ್ತು ಎಂಬುದೆಲ್ಲ ಚೂರಿನ ಚೀಲ ಸೇರಿತ್ತು. "ಮೇಜಿನ ಮ್ಯಾಲ ಇಟ್ಟವರದ ತಪ್ಪು" ಎಂದಳು ಅತ್ತೆ. ಮಾವ ಸುಮ್ಮನೆ ಡಿ. ಹಿರೇಹಾಳಿನ ದಿಕ್ಕಿಗೆ ತಿರುಗಿ ನಾಲ್ಕು ಕಾಳು ಅಕ್ಷತೆ ಎರಚಿದರು.

ಇಂಥ ಮನೆಗೆ ನಾನು ಬಂದು ಸೇರಿದ್ದು ಕಂಪ್ಯೂಟರ್ ತಜ್ಞನಾಗಿ. ನಗಬೇಡಿ, ಕೈಯಲ್ಲಿ ಸರ್ಟಿಫಿಕೇಟು ಇತ್ತು, ಲ್ಯಾಮಿನೇಶನ್ ಕೂಡ ಮಾಡಿಸಿದ್ದೆ. ಮಡಕಶಿರಾದಲ್ಲಿ ಆರು ತಿಂಗಳ ಕೋರ್ಸು. ಅದರಲ್ಲಿ ಎರಡು ತಿಂಗಳು ಕರೆಂಟ್ ಇರಲಿಲ್ಲ, ಒಂದು ತಿಂಗಳು ಮೇಷ್ಟ್ರು ಇರಲಿಲ್ಲ. ಉಳಿದ ಮೂರು ತಿಂಗಳಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು, ಪರದೆಯ ಮೇಲೆ ಜಲಪಾತದ ಚಿತ್ರ ಹಾಕುವುದು, ಇವೆರಡರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಆದರೆ ಗುಡಿಬಂಡೆಯಲ್ಲಿ ನಮ್ಮಮ್ಮ ಆಟೊದಲ್ಲಿ ಕೂತವರಿಗೆಲ್ಲ "ನಮ್ಮುಡುಗ ಇಂಜಿನಿಯರ್ ಆಗವ್ನೆ" ಎಂದು ಹೇಳಿಯಾಗಿತ್ತು.

ಕೋರ್ಸಿಗೂ ರಾಯದುರ್ಗಕ್ಕೂ ನಡುವೆ ಮೂರು ವಾರ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿದ್ದೆ. ಆಗ ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ. ನನ್ನ ಕೆಲಸ ಅಂಗಿಯ ಕಾಲರಿನ ದಾರ ಕತ್ತರಿಸುವುದು. ಒಂದು ದಿನ ದಾರದ ಜೊತೆ ಕಾಲರನ್ನೂ ಕತ್ತರಿಸಿದೆ. ಸೂಪರ್‌ವೈಸರ್ ಮಿಷಿನ್‌ಗಳನ್ನೆಲ್ಲ ನಿಲ್ಲಿಸಿ, ಆ ಅಂಗಿಯನ್ನು ನನ್ನ ಕೊರಳಿಗೆ ಹಾಕಿ, ಇಡೀ ಲೈನಿನ ಮುಂದೆ ನಡೆಸಿದ. ಎಲ್ಲರೂ ನಕ್ಕರು. ಅದೇ ವಾರ ಬಸ್ಸು ಹತ್ತಿ ಊರಿಗೆ ಬಂದೆ, ಬಂದವನು ಯಾರ ಜೊತೆಯೂ ಮಾತಾಡಲಿಲ್ಲ. ಅಮ್ಮ ಅತ್ತೆಗೆ ಫೋನ್ ಮಾಡಿ ಅತ್ತಳು. ಅತ್ತೆ ಎರಡೇ ದಿನದಲ್ಲಿ ಹೇಳಿ ಕಳಿಸಿದಳು: "ನಮ್ಮಲ್ಲಿ ಕಂಪ್ಯೂಟರ್ ತಂದೀವಿ, ನಡಸೋರಿಲ್ಲ. ಕಳಸ್ರಿ."

ಕಂಪ್ಯೂಟರ್ ನಿಜಕ್ಕೂ ಇತ್ತು, ಬಳ್ಳಾರಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡು. ಪ್ಯಾಂಟಿನ ಹಿಂಜೇಬಿನ ಮೇಲೆ ಹದ್ದು, ಹೂವು, ಬಾಣ ಮುಂತಾದ ಡಿಸೈನನ್ನು ಅದರಲ್ಲಿ ಬರೆದು ಎಂಬ್ರಾಯ್ಡರಿ ಮಿಷಿನ್ನಿಗೆ ಕೊಡಬೇಕು. ಮಾವನಿಗೆ ನನ್ನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. "ಮೂರು ತಿಂಗಳು ನೋಡೂಣು. ನಡಸಿದ್ರ ಇರ್ಲಿ, ಇಲ್ಲಂದ್ರ ಬೆಂಗಳೂರು ಬಸ್ ಹತ್ತಸೂದ" ಎಂದರು. ಬೆಂಗಳೂರು ಎಂಬ ಶಬ್ದ ಕೇಳಿದರೆ ನನ್ನ ಕೊರಳ ಸುತ್ತ ಆ ಅಂಗಿ ಬಂದು ಕೂರುತ್ತಿತ್ತು. ಆ ಕುರ್ಚಿ ಉಳಿಸಿಕೊಳ್ಳುವುದೊಂದೇ ಆಗ ನನ್ನ ಬದುಕಿನ ಗುರಿ.

ಕಂಪ್ಯೂಟರ್ ಮಾತ್ರ ನನ್ನ ಗುರಿಗೆ ಸಹಕರಿಸುತ್ತಿರಲಿಲ್ಲ. ಡಿಸೈನ್ ತೆರೆಯಲು ಹೇಳಿ ಹೋಟೆಲಿಗೆ ಹೋಗಿ ಉಗ್ಗಾಣಿ ತಿಂದು ಬಂದರೂ ಇನ್ನೂ ತೆರೆಯುತ್ತಲೇ ಇರುತ್ತಿತ್ತು. ಆಗ ನನ್ನ ಕೈಗೆ ಒಂದು ಸಿ.ಡಿ. ಸಿಕ್ಕಿತು. ಅದರಲ್ಲಿ ಮೆಮೊರಿ ಆಪ್ಟಿಮೈಸರ್ ಎಂಬ ಸಾಫ್ಟ್‌ವೇರು. ಹಾಕಿದೆ ನೋಡಿ, ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಬಂತು, ಅದರಲ್ಲಿ ಹಸಿರು ಪಟ್ಟಿ, ಕೆಳಗೆ ಒಂದು ಗುಂಡಿ. ಗುಂಡಿ ಒತ್ತಿದರೆ ಒಳಗೆ ಕರಕರ ಸದ್ದಾಗಿ "ಇಷ್ಟು ಮೆಮೊರಿ ಖಾಲಿ" ಎಂದು ಅಂಕಿ ಏರುತ್ತಿತ್ತು. ಅಂಕಿ ಏರಿದ ಮೇಲೆ ವೇಗ ಏರಲೇಬೇಕಲ್ಲವೇ? ಹಾಗಂತ ನಾನು ನಂಬಿದೆ.

ಅತ್ತೆ ಬಂದು ಹಿಂದೆ ನಿಂತಳು. "ಏನದು?"

ನಾನು ಕುರ್ಚಿ ತಿರುಗಿಸಿ ಕೂತೆ. "ನೋಡತ್ತೆ, ಕಂಪ್ಯೂಟರ್ ಒಳಗೂ ನಿನ್ ಮೇಜಿನಂಗೇ ಒಂದು ಜಾಗ ಐತೆ. ಅದರ ಮೇಲೆ ಕಂಡಿದ್ದೆಲ್ಲ ಬಂದು ಕೂತ್ಕಂತೈತೆ. ಇದನ್ನ ಒತ್ತಿದ್ರೆ ಎಲ್ಲಾ ಗುಡಿಸಿ ಖಾಲಿ ಮಾಡ್ತೈತೆ."

"ಖಾಲಿ ಅಂದ್ರ ಪೂರಾ ಖಾಲಿ?"

"ಅರ್ಧಕ್ಕರ್ಧ."

ಅವಳ ಮುಖ ಅರಳಿತು. ಲೋಕದಲ್ಲಿ ತನ್ನಂಥದ್ದು ಇನ್ನೊಂದಿದೆ ಎಂದು ಆ ದಿನ ಅವಳಿಗೆ ಗೊತ್ತಾಗಿರಬೇಕು. ಗುಡಿಯ ಗಂಟೆ ಬಾರಿಸಿದ ಹಾಗೆ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಆ ಗುಂಡಿ ಒತ್ತತೊಡಗಿದಳು. ಒತ್ತಿ, "ಈಗ ಏನಾತು ಹೇಳು" ಎನ್ನುವಳು. ನಾನು ಹೇಳುವೆ. ಮರುದಿನ ಅದನ್ನೇ ಮತ್ತೆ ಕೇಳುವಳು. ಇಷ್ಟು ದಡ್ಡಿಯಾದರೆ ಹೇಗಪ್ಪಾ ಎಂದುಕೊಂಡು ನಾನು ಮತ್ತಷ್ಟು ಕೈಯಾಡಿಸಿ, ಚಾಕ್‌ಪೀಸಿನಲ್ಲಿ ಗೋಡೆಯ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ನನ್ನ ಜ್ಞಾನಕ್ಕೆ ನಾನೇ ತಲೆದೂಗಿದ ದಿನಗಳವು.

ಮೊದಲೇ ಕುಂಟುತ್ತಿದ್ದ ಯಂತ್ರ ಈಗ ತೆವಳತೊಡಗಿತು. ಗುಂಡಿ ಒತ್ತಿದ ಪ್ರತಿ ಸಲವೂ ಡಿಸೈನ್ ಸ್ತಬ್ಧ, ಮೌಸೆಂಬ ಇಲಿ ಸ್ತಬ್ಧ, ನಾನೂ ಸ್ತಬ್ಧ. ಮಾವ ಕೇಳಿದಾಗ ವೋಲ್ಟೇಜು ಎಂದೆ. ಆಮೇಲೆ ಬಿಸಿಲು ಎಂದೆ. ಡೆನಿಮ್ಮಿನ ನೀಲಿ ಧೂಳು ಒಳಗೆ ಹೋಗಿದೆ ಎಂದೂ ಹೇಳಿದೆ. ಯಾವುದೂ ನಡೆಯದಿದ್ದಾಗ, ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಖಾಲಿ ಮಾಡಲಿ ಎಂದು ಅದಕ್ಕೇ ಪೂರ್ತಿ ಅಧಿಕಾರ ಬಿಟ್ಟುಕೊಟ್ಟೆ. ಇಂಜಿನಿಯರ್ ಅಲ್ಲವೇ!

ಮೂರನೆಯ ತಿಂಗಳಲ್ಲಿ ಬಳ್ಳಾರಿಯ ಒಬ್ಬ ದೊಡ್ಡ ವ್ಯಾಪಾರಿ ಬಂದ. ಜೇಬಿನ ಡಿಸೈನ್ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಅತ್ತೆ ಅವನನ್ನು ನನ್ನ ಪಕ್ಕದಲ್ಲೇ ಕೂರಿಸಿದಳು. ಮಾವ ಬಾಗಿಲಲ್ಲಿ ನಿಂತರು. ನಾನು ಎರಡು ದಿನ ಕೂತು ಬರೆದಿದ್ದ ಕುದುರೆಯನ್ನು ತೆರೆದೆ. ವ್ಯಾಪಾರಿ, "ಬಾಲ ಒಂದೀಟು ಉದ್ದ ಮಾಡ್ರಿ" ಎಂದ. ಮಾಡಿದೆ. "ಕಾಲು ಎತ್ತಿಸ್ರಿ." ಎತ್ತಿಸಿದೆ. "ದಾರ ಕೆಂಪು ಹಾಕ್ರಿ ನೋಡೂಣು." ಹಾಕಲು ಕೈಯಿಟ್ಟೆ, ಐದು ನಿಮಿಷ ತುಂಬಿತು. ಕರಕರ ಶುರುವಾಯಿತು. ಕುದುರೆ ಎತ್ತಿದ ಕಾಲು ಇಳಿಸಲೇ ಇಲ್ಲ. ಹತ್ತು ನಿಮಿಷ ಕಾದೆವು, ಎರಡು ಸಲ ಚಹಾ ಬಂತು. ಕೊನೆಗೆ ಪರದೆ ನೀಲಿಯಾಯಿತು. ಕುದುರೆ ಬಾಲದ ಸಮೇತ ಹೋಯಿತು.

ಅತ್ತೆ ಹಿಂದಿನ ಕೋಣೆಯ ಕಪಾಟಿಗೆ ಹೋಗಿ ಬಂದಳು. ಮೇಜಿನ ಮೇಲೆ ಒಂದು ತುಂಡು ಡೆನಿಮ್ ಹಾಸಿ, ಚಾಕ್‌ಪೀಸಿನಲ್ಲಿ ಕೈಯಾರೆ ಕುದುರೆ ಬರೆದಳು. ನಿಜ ಹೇಳಬೇಕೆಂದರೆ ನನ್ನ ಕುದುರೆ ಕತ್ತೆಯ ಕಡೆಗೆ ವಾಲಿತ್ತು, ಅವಳದು ಕುದುರೆಯೇ. ವ್ಯಾಪಾರಿ ಒಪ್ಪಿ ಎದ್ದ. ಮಾವ ಮಾತ್ರ ನನ್ನನ್ನೇ ನೋಡುತ್ತ, "ನಾಳಿಗೆ ರಿಪೇರಿಯಾಂವನ್ನ ಕರಸ್ತೀನಿ. ತಪ್ಪು ಯಂತ್ರದ್ದೋ ಮನಷಾರದೋ ಗೊತ್ತಾಗ್ಲಿ" ಎಂದರು. ಆ ರಾತ್ರಿ ನಾನು ಬ್ಯಾಗಿಗೆ ಬಟ್ಟೆ ತುಂಬಿಟ್ಟೆ.

ಮರುದಿನ ಬಳ್ಳಾರಿಯಿಂದ ಬಂದವನು ಎರಡೇ ನಿಮಿಷದಲ್ಲಿ ಮೂಲೆಯ ಡಬ್ಬಿಗೆ ಬೆರಳಿಟ್ಟ.

"ಇದನ್ನ ಯಾರ್ ಹಾಕಿದ್ರಿ?"

ಮಾವ ಬಾಗಿಲಲ್ಲೇ ಇದ್ದರು. ಟೈಲರುಗಳೆಲ್ಲ ಮಿಷಿನ್ ನಿಲ್ಲಿಸಿದ್ದರು. ಹತ್ತು ಮಿಷಿನ್ ಒಟ್ಟಿಗೆ ನಿಂತ ಆ ಸದ್ದಿಲ್ಲದ ಸದ್ದು ನನಗೆ ಬೆಂಗಳೂರಿನಿಂದಲೇ ಚೆನ್ನಾಗಿ ಗೊತ್ತಿತ್ತು.

"ನಾನ ಹಾಕ್ಸೀನ್ರಿ" ಎಂದಳು ಅತ್ತೆ.

ಅವನು ನಕ್ಕ. "ಅಲ್ರಿ ಅಮ್ಮಾರ, ಮೆಮೊರಿ ಇರೂದು ತುಂಬಾಕ್ರಿ, ಖಾಲಿ ಇಡಾಕಲ್ಲ. ಕಂಪ್ಯೂಟರ್ ತನಗ ಬೇಕಾದ್ದನ್ನ ಕೈಗೆ ಸಿಗೂವಂಗ ಇಟ್ಕೊಂಡಿರ್ತೈತಿ. ಇದು ಅದನ್ನೆಲ್ಲ ಎತ್ತಿ ಹಿಂದಿನ ಗೋದಾಮಿಗೆ ಒಗೀತೈತಿ. ಮತ್ತ ಬೇಕಾದಾಗ ಅಲ್ಲಿಂದ ಹೊತ್ಕೊಂಡು ಬರಬೇಕು. ನಿಧಾನ ಆಗ್ಲಾರದ ಏನಾಗ್ತೈತಿ? ನಿಮಗ್ಯಾಕ್ರಿ ಇದೆಲ್ಲ?"

ಟೈಲರುಗಳೂ ನಕ್ಕರು. ಮಾವನೂ ನಕ್ಕರು. ಹತ್ತು ಮಿಷಿನ್ನಿನ ಒಡತಿ, ತನ್ನ ಮನೆಯಲ್ಲಿ, ತನ್ನ ಕೆಲಸಗಾರರ ಮುಂದೆ ಆ ನಗು ಕೇಳಿಕೊಂಡು, "ಗೊತ್ತಾಗ್ಲಿಲ್ರಿ, ಹೆಣ್ಮಕ್ಳು ನಾವು" ಎಂದಳು. ಅವನು ಕಂಪ್ಯೂಟರಿನ ಒಳಗೆ ಮೆಮೊರಿ ಹೆಚ್ಚಿಸುವ ಇನ್ನೊಂದು ಪಟ್ಟಿ ಸಿಕ್ಕಿಸಿ ಹೊರಟ. ನನ್ನನ್ನು ಕೇಳಿದರೆ ಆ ಸಾಫ್ಟ್‌ವೇರಿನ ವಿಷಯದಲ್ಲಿ ಅವನ ಮಾತೇ ಕೊನೆ. ಹಾಕಬೇಡಿ, ಹಾಕಿದ್ದರೆ ತೆಗೆಯಿರಿ. ಪರದೆಯ ಮೇಲಿನ ಬೇಡದ ಕಿಟಕಿಗಳನ್ನು ಮುಚ್ಚಿ, ಸಾಲದಿದ್ದರೆ ಇನ್ನೊಂದು ಪಟ್ಟಿ ಹಾಕಿಸಿ.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಅತ್ತೆಯ ಹತ್ತಿರ ಹೋದೆ. "ಯಾಕತ್ತೆ ಅಂಗಂದೆ? ಹಾಕಿದ್ದು ನಾನಲ್ವಾ?"

"ಗೊತ್ತು ಬಿಡು. ಆ ಡಬ್ಬೀದೇ ಕಾಟ ಅಂತ ಮೊದಲನೇ ತಿಂಗಳೇ ಗೊತ್ತಾಯ್ತು. ನೀನು ಊರಿಗೆ ಹೋಗಿದ್ದಾಗ ಆ ಡಬ್ಬಿ ಕಣ್ಣಿಗೆ ಅಡ್ಡ ಬರ್ತೈತೆ ಅಂತ ಮುಚ್ಚಿದ್ದೆ. ಕಂಪ್ಯೂಟರ್ ನಿಲ್ಲಲೇ ಇಲ್ಲ, ಚೆಂದಾಗಿ ಓಡ್ತು. ನೀನು ಬರೋ ದಿನ ಮತ್ತೆ ತೆಗೆದಿಟ್ಟೆ." ಇಪ್ಪತ್ತು ವರ್ಷ ರಾಯದುರ್ಗದ ಮಾತಾಡಿದವಳ ಬಾಯಲ್ಲಿ ಆ ಮಧ್ಯಾಹ್ನ ತವರಾದ ಗುಡಿಬಂಡೆಯ ಮಾತು ಬರುತ್ತಿತ್ತು.

"ಗೊತ್ತಿದ್ದೂ ದಿನಾ ಒತ್ತಿ ಒತ್ತಿ ಕೇಳ್ತಿದ್ದೆಯಲ್ಲ?"

ಅವಳು ಮೇಜು ಒರೆಸುತ್ತಲೇ ಹೇಳಿದಳು.

"ಬೆಂಗಳೂರಿಂದ ಬಂದು ಎಷ್ಟು ದಿನ ಆಗಿತ್ತು, ಒಂದು ಮಾತಾಡಿರ್ಲಿಲ್ಲ ನೀನು. ಉಂಡ್ಯಾ ಅಂದ್ರೆ ತಲೆ ಆಡಿಸ್ತಿದ್ದೆ. ಆ ಗುಂಡಿ ಬಗ್ಗೆ ಕೇಳ್ದಾಗ ಬಾಯಿ ಬಿಟ್ಟೆ. ಕಣ್ಣು ಎಷ್ಟು ದೊಡ್ಡದಾಗಿತ್ತು ಗೊತ್ತಾ? ಅದಕ್ಕೇ ದಿನಾ ಕೇಳ್ತಿದ್ದೆ."

ನನಗೆ ಅಳು ಬಂತು, ಅತ್ತುಬಿಟ್ಟೆ. ಮುಚ್ಚಿಕೊಳ್ಳಲು ಕಂಪ್ಯೂಟರಿನ ಮುಂದೆ ಕೂತು ಆ ಸಾಫ್ಟ್‌ವೇರನ್ನು ತೆಗೆಯತೊಡಗಿದೆ. ಅವಳು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಹೋಯ್ತಾ ಅದು?"

"ಹೋಯ್ತು."

"ಸರಿ, ಇನ್ನೇನಾದ್ರೂ ಹೇಳು. ಕೇಳ್ತೀನಿ."