ಹೆಂಡತಿಯ ಓಟಕ್ಕೆ ನಾನೇ ಕೋಚು

ಪರೀಕ್ಷೆ ಇದ್ದದ್ದು ನನ್ನ ಹೆಂಡತಿಗೆ. ನಿದ್ದೆ ಕೆಟ್ಟದ್ದು ನನಗೆ. ಅವಳು ಪೊಲೀಸ್ ಹೆಡ್ ಕಾನ್‌ಸ್ಟೆಬಲ್, ನಾನು ದರ್ಜಿ. ಅವಳು ಗಸ್ತಿನ ಜೀಪಿನಲ್ಲಿ ಊರು ಸುತ್ತುತ್ತಾಳೆ, ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತೇನೆ. (ಇಬ್ಬರಲ್ಲಿ ಯಾರ ಕಾಲಿಗೆ ಹೆಚ್ಚು ಕೆಲಸವೆಂದು ನೀವೇ ಹೇಳಿ.)

ಇಲಾಖೆಯವರು ವರ್ಷಕ್ಕೊಮ್ಮೆ ತಮ್ಮವರನ್ನೆಲ್ಲ ಮೈದಾನಕ್ಕೆ ಕರೆದು ತೂಗುತ್ತಾರೆ, ಸೊಂಟ ಅಳೆಯುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಕೊನೆಗೆ ಓಡಿಸುತ್ತಾರೆ. ಹೋದ ವರ್ಷ ಇವಳು ಗೋಡೆ ಹಾರಿ ಕಳ್ಳನೊಬ್ಬನನ್ನು ಅಟ್ಟಿಸಿಕೊಂಡು ಹೋಗಿದ್ದಳು. ಕಳ್ಳ ಕೈಗೆ ಸಿಕ್ಕ, ಮೊಣಕಾಲು ಕೈಕೊಟ್ಟಿತು. ಓಟದಲ್ಲಿ ಕೂದಲೆಳೆಯಷ್ಟರಲ್ಲಿ ನಪಾಸು. ಈ ಸಲವೂ ಹಾಗಾದರೆ ಜೀಪಿನಿಂದ ಇಳಿಸಿ ಹಳೆಯ ಕಡತಗಳ ಕೋಣೆಗೆ ಹಾಕುವುದಾಗಿ ಸಾಹೇಬರು ಹೇಳಿದ್ದರು. ಆ ಕೋಣೆಗೆ ಕಿಟಕಿಯೂ ಇಲ್ಲವಂತೆ.

"ಹಾಕಿದ್ರೆ ಹಾಕ್ಲಿ ಬಿಡ್ರೀ, ಫ್ಯಾನಿನ ಕೆಳಗೆ ಆರಾಮಾಗಿ ಕೂತಿರ್ತೀನಿ" ಎಂದು ಅವಳು ನಕ್ಕಳು. ಆದರೆ ಆ ಸಂಜೆ ಬೂಟು ಪಾಲಿಶ್ ಮಾಡಲು ಕೂತವಳು ಒಂದೇ ಬೂಟನ್ನು ಉಜ್ಜುತ್ತಲೇ ಇದ್ದಳು, ಇನ್ನೊಂದನ್ನು ಮರೆತೇಬಿಟ್ಟಿದ್ದಳು. ಅದನ್ನು ನೋಡಿ ನಿಂತ ಕಾಲಲ್ಲೇ ನನ್ನನ್ನು ನಾನು ಅವಳ ಮುಖ್ಯ ತರಬೇತುದಾರನನ್ನಾಗಿ ನೇಮಿಸಿಕೊಂಡೆ.

ಮರುದಿನವೇ ಸಕ್ಕರೆ ಡಬ್ಬಿ ಗಡೀಪಾರಾಯಿತು. ಎಣ್ಣೆಯ ಮೇಲೆ ನಿಷೇಧಾಜ್ಞೆ ಜಾರಿಯಾಯಿತು. ಬೇಯಿಸಿದ ತರಕಾರಿ ಮೂರು ಹೊತ್ತೂ ಅವಳ ತಟ್ಟೆಯಲ್ಲಿ ಹಾಜರಿ ಹಾಕತೊಡಗಿತು. (ಪರೀಕ್ಷೆ ಇಲ್ಲದ ನನಗೇಕೆ ಆ ಶಿಕ್ಷೆ? ನನ್ನ ಪಾಲಿನದನ್ನು ಬೆಣ್ಣೆಯಲ್ಲಿ ಹುರಿದುಕೊಳ್ಳುತ್ತಿದ್ದೆ. ಅವಳ ಪಾಲಿನ ಬಿಸ್ಕತ್ತು ಮೆತ್ತಗಾಗಿ ಹಾಳಾಗಬಾರದಲ್ಲ, ಆ ಜವಾಬ್ದಾರಿಯೂ ನನ್ನದೇ.)

ಬೆಳಗ್ಗೆ ಅವಳು ಓಡಿದರೆ ನಾನು ಸ್ಕೂಟರಿನಲ್ಲಿ ಅವಳ ಮುಂದೆಮುಂದೆ ಹೋಗುತ್ತಿದ್ದೆ.

"ಮೊಣಕಾಲು ಎತ್ತು! ಉಸಿರು ಬಿಡು!"

"ಉಸಿರು ಬಿಡ್ತೀನಿ, ಮೊದ್ಲು ನೀವು ಹೊಗೆ ಬಿಡೋದು ನಿಲ್ಸಿ!"

ಕೊರಳಲ್ಲಿ ಟೇಪು ಹೇಗೂ ನೇತಾಡುತ್ತಿರುತ್ತದಲ್ಲ, ಅವಳು ಹಲ್ಲುಜ್ಜುತ್ತಿದ್ದರೂ ಬಿಡದೆ ಸೊಂಟ ಅಳೆಯುತ್ತಿದ್ದೆ.

"ರೀ, ಇನ್ನೊಂದ್ಸಲ ಆ ಟೇಪು ತಂದ್ರೆ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸು ಜಡೀತೀನಿ!"

"ನಿನ್ನ ಒಳ್ಳೇದಕ್ಕೇ ಕಣೇ!"

"ನನಗೆ ಒಳ್ಳೇದಾಗೋದ್ರೊಳಗೆ ಹುಚ್ಚು ಹಿಡಿಯುತ್ತೆ! ನನಗಿರೋ ಭಯ ನನಗೇ ಸಾಕಾಗಿದೆ, ನಿಮ್ಮದನ್ನೂ ಹೊತ್ಕೊಂಡು ಓಡ್ಲಾ?"

ಭಯ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ಟೇಪು ಮಡಚಿ ಜೇಬಿಗಿಟ್ಟೆ. ಆದರೆ ನನ್ನ ಭಯ ಇಮ್ಮಡಿಯಾಯಿತು.

ಪರೀಕ್ಷೆಯ ದಿನ "ದಯವಿಟ್ಟು ಬರಬೇಡಿ" ಎಂದು ಅವಳು ಕೈಮುಗಿದಿದ್ದಳು. ಹೋದೆ. ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಹಿಂದೆ ನಿಂತೆ. ತೂಕ ಸರಿಹೋಯಿತು, ಸೊಂಟ ಸರಿಹೋಯಿತು, ರಕ್ತದೊತ್ತಡವೂ ಸರಿ. ಸೀಟಿ ಊದಿದರು, ಓಟ ಶುರುವಾಯಿತು. ಚೆನ್ನಾಗಿಯೇ ಓಡುತ್ತಿದ್ದಳು. ಕೊನೆಯ ಸುತ್ತಿನಲ್ಲಿ ಮುಖ ಕಿವುಚಿ ಮೊಣಕಾಲಿನ ಮೇಲೆ ಕೈಯಿಟ್ಟಳು. ಹಿಂದಿದ್ದವರೆಲ್ಲ ಅವಳನ್ನು ದಾಟತೊಡಗಿದರು.

ನನಗೇನಾಯಿತೋ, ಹಗ್ಗದ ಈಚೆಯಿಂದ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡತೊಡಗಿದೆ.

"ಬಾರೇ! ಇನ್ನೇನು ಬಂದೇಬಿಡ್ತು! ಬಾ, ಬಾ!"

"ರೀ, ನಿಲ್ರೀ! ಮುಖ ನೋಡ್ಕೊಳ್ಳಿ, ಬೆಳ್ಳಗಾಗಿದೆ!"

"ನನ್ನ ಮುಖ ಇರ್ಲಿ, ನೀನು ಓಡು!"

"ಅಯ್ಯೋ, ಯಾರಾದ್ರೂ ಅವರನ್ನ ಹಿಡೀರಿ!"

ಯಾರೂ ಹಿಡಿಯಲಿಲ್ಲ. ಅವಳೇ ಹಿಡಿಯಲು ಬಂದಳು. ನೋವನ್ನೆಲ್ಲ ಮರೆತು ನನ್ನ ಕಡೆಗೇ ಕಣ್ಣು ನೆಟ್ಟು ಬಾಣದಂತೆ ಬಂದವಳು ಗೆರೆ ದಾಟಿದ್ದನ್ನೂ ಗಮನಿಸಲಿಲ್ಲ. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಮೈದಾನ ಬುಗುರಿಯಾಯಿತು. ಆಮೇಲೆ ನೆನಪಿರುವುದು ಹುಲ್ಲು ತಲೆಕೆಳಗಾಗಿ ಕಂಡದ್ದು. ನಾನು ಅವಳ ಹೆಗಲ ಮೇಲೆ ಜೋತಾಡುತ್ತಿದ್ದೆ, ವೈದ್ಯರ ಡೇರೆಯ ಕಡೆಗೆ.

ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಯಂತ್ರ ಕೆಟ್ಟಿದೆಯೆಂದು ಬೇರೆ ಯಂತ್ರ ತರಿಸಿದರು. ಅದೂ ಅದನ್ನೇ ಹೇಳಿತು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿ ಕನ್ನಡಕ ತೆಗೆದರು. ಹೆಂಡತಿ ನನ್ನ ಕೈ ಹಿಡಿದಿದ್ದಳು.

"ಜೀವಕ್ಕೇನೂ ಭಯವಿಲ್ಲ" ಎಂದರು ಡಾಕ್ಟರಮ್ಮ. "ಆದ್ರೆ ಇವತ್ತಿಂದ ಮಾತ್ರೆ, ಪಥ್ಯ, ನಡಿಗೆ. ಒಂದೂ ತಪ್ಪೋ ಹಾಗಿಲ್ಲ."

ಸಾಹೇಬರು ಡೇರೆಯೊಳಗೆ ಇಣುಕಿದರು. "ಭೇಷ್ ಕಣಮ್ಮಾ, ಪಾಸಾದೆ. ಬೆಳಗ್ಗಿಂದ ಎಲ್ಲರೂ ಪಾಸು. ನಪಾಸಾಗಿದ್ದು ಒಬ್ಬರೇ, ಅವರು ನಮ್ಮ ಇಲಾಖೆಯವರೇ ಅಲ್ಲ!"

ಹೆಂಡತಿ ಅಳುತ್ತಲೇ ನಕ್ಕಳು. ನಾನೂ ನಕ್ಕೆ, ಡಾಕ್ಟರಮ್ಮ ಗದರಿಸುವವರೆಗೆ.

ಸುಸ್ತಾದವನು ಸ್ಕೂಟರ್ ಹತ್ತಬಾರದೆಂದು ಸಾಹೇಬರು ಜೀಪು ಕೊಟ್ಟರು. ದಾರಿಯಲ್ಲಿ ವಾಲಿ ಬೀಳಬಾರದೆಂದು ಹೆಂಡತಿ ನನ್ನನ್ನು ಹಿಂದಿನ ಸೀಟಿನಲ್ಲಿ, ದಪ್ಪ ಮೀಸೆಯ ಕಾನ್‌ಸ್ಟೆಬಲ್‌ಗಳಿಬ್ಬರ ನಡುವೆ ಕೂರಿಸಿದಳು. ಮನೆಯ ಮುಂದೆ ಅವರಿಬ್ಬರೂ ನನ್ನ ರಟ್ಟೆ ಹಿಡಿದು ಇಳಿಸಿದಾಗ ಇಡೀ ಬೀದಿ ಬಾಗಿಲಿಗೆ ಬಂದಿತ್ತು.

"ಅಯ್ಯೋ ಶಿವನೇ! ಆ ಮಹಾತಾಯಿ ಕೊನೆಗೆ ಗಂಡನ್ನೂ ಬಿಡಲಿಲ್ವಲ್ಲ!" ಎಂದರು ಎದುರುಮನೆಯ ಅಜ್ಜಿ.

ಸಂಜೆಯಾಗುವುದರೊಳಗೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಪಿಸುಗುಟ್ಟುತ್ತ ವಾಪಸು ಕೇಳಿದರು. ನನಗೆ ಮಂಚದಿಂದ ಏಳಲು ಅಪ್ಪಣೆಯಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಗಂಭೀರವಾಗಿ ಎಲ್ಲರಿಗೂ ಬಟ್ಟೆ ಕೊಟ್ಟು ಕಳಿಸಿದಳು.

"ಹಾಗಲ್ಲ ಅಂತ ಒಂದು ಮಾತು ಹೇಳೇ!" ಎಂದು ಕೂಗಿದೆ.

"ಸುಮ್ನೆ ಮಲಗ್ರೀ" ಎಂದಳು, "ವಿಚಾರಣೆ ಇನ್ನೂ ಮುಗಿದಿಲ್ಲ."