ಅತ್ತೆಯ ಡಬ್ಬಿಯಲ್ಲಿದ್ದ ಓಕ್ ಮರ

ನನಗೊಂದು ಕಾಯಿಲೆ ಉಂಟು, ಒಪ್ಪಿಕೊಂಡು ಬಿಡುತ್ತೇನೆ. ‘ನನಗೆ ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಕುವೈತಿಗೆ ಬಂದ ಹೊಸದರಲ್ಲಿ ದಾರಿ ಕೇಳಿದವರನ್ನೆಲ್ಲ ಫಹಾಹೀಲ್ ಬಸ್ಸು ಹತ್ತಿಸಿದವನು ನಾನು. ನನಗೆ ಗೊತ್ತಿದ್ದ ಬಸ್ಸು ಅದೊಂದೇ.

ಇಂಥವನ ಮಗಳು ಅನ್ವಿತಾಳಿಗೆ ಶಾಲೆಯಲ್ಲಿ ಚೀಟಿ ಎತ್ತಿಸಿದರು. ನೆರೆಯ ದೇಶಗಳ ಮರಗಳ ಬಗ್ಗೆ ಒಬ್ಬೊಬ್ಬರು ಮಾತಾಡಬೇಕು. ಇವಳಿಗೆ ಬಂದದ್ದು ಇರಾನಿನ ಓಕ್. ಎಲೆ ತೋರಿಸಬೇಕು, ಉಪಯೋಗ ಹೇಳಬೇಕು. “ಓಕಾ? ನಮ್ಮ ಬಿಲ್ಡಿಂಗ್ ಕೆಳಗೇ ಉಂಟಲ್ಲ!” ಎಂದೆ. “ಪಪ್ಪಾ, ಆರ್ ಯೂ ಶ್ಯೂರ್?” ಎಂದಳು. ಅಪ್ಪನನ್ನೇ ಹೀಗೆ ಕೇಳುವುದಾ! ಪಾರ್ಕಿಂಗ್ ಪಕ್ಕದ ಮರದ ಎಲೆ ಕಿತ್ತುಕೊಟ್ಟು, ಮೇಜು, ಬಾಗಿಲು, ದೋಣಿ ಎಂದು ಯಾವ ಮರಕ್ಕೂ ಸಲ್ಲುವ ಉಪಯೋಗಗಳನ್ನು ಬರೆಸಿದೆ.

ಮರುದಿನ ಮಗಳು ಅಳುತ್ತಾ ಬಂದಳು. ಅದು ಕೊನೊಕಾರ್ಪಸ್ ಅಂತೆ, ಕುವೈತಿನ ರಸ್ತೆ ರಸ್ತೆಯಲ್ಲೂ ಇರುವಂಥದ್ದು. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಟೀಚರು ಇನ್ನೊಂದು ಅವಕಾಶ ಕೊಟ್ಟಿದ್ದರು. “ಐ ಟೋಲ್ಡ್ ದೆಮ್ ಮೈ ಪಪ್ಪಾ ನೋಸ್ ಎವ್ರಿಥಿಂಗ್” ಎಂದಳು. ನನಗೆ ಚುರುಕ್ಕೆಂದಿತು.

ಹೆಂಡತಿಯ ಬಾಣಂತನಕ್ಕೆಂದು ಪುತ್ತೂರಿನಿಂದ ಬಂದಿದ್ದ ಅತ್ತೆ ಆಗಲೇ ಡಬ್ಬಿ ಹಿಡಿದು ಬಂದರು. ಕೂಸಿಗೆ ದಿನಾ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಮಾಚಿಕಾಯಿ ಸವೆದು ಚೂರಾಗಿತ್ತು. “ಇಲ್ಲಿ ಎಲ್ಲಿಯಾದ್ರೂ ಸಿಗ್ತದಾ ನೋಡಿ.” ಅವಳ ಅಳು ಮರೆಸಲು ಒಳ್ಳೆಯ ನೆಪ ಸಿಕ್ಕಿತೆಂದು ಮಗಳನ್ನೂ ಕರೆದುಕೊಂಡು ಫಹಾಹೀಲ್‌ನ ಮಸಾಲೆ ಅಂಗಡಿಗೆ ಹೋದೆ.

ಅಂಗಡಿಯ ಇರಾನಿ ಮುದುಕ ಚೂರನ್ನು ಮೂಸಿ, ಒಂದು ಚೀಲದ ಬಾಯಿ ಬಿಚ್ಚಿದ. ತುಂಬ ಮಾಚಿಕಾಯಿ! “ಯೇ ಫಲ್ ನಹೀ, ಭಾಯಿ” ಎಂದ. ಹೆಸರಿಗೆ ಕಾಯಿ, ನಿಜಕ್ಕೂ ಹುಳ ಚುಚ್ಚಿದಾಗ ಕೊಂಬೆಯಲ್ಲಿ ಏಳುವ ಗಂಟಂತೆ. ಯಾವ ಮರ ಎಂದು ಮಗಳು ಕೇಳಿದಳು. “ಹಮಾರಾ ಓಕ್” ಎಂದು ಚೀಲದ ತಳದಿಂದ ಅಂಚು ಗರಗಸದಂತಿದ್ದ ಒಣ ಎಲೆಯೊಂದನ್ನು ಹೆಕ್ಕಿಕೊಟ್ಟ.

ಮನೆಗೆ ಬಂದು ಹೇಳಿದಾಗ ಅತ್ತೆ ಹಣೆ ಚಚ್ಚಿಕೊಂಡರು. “ಅಯ್ಯೋ ದೇವರೇ! ಇಲ್ಲೇ ಪಕ್ಕದ್ದನ್ನಾ ನಾನು ಪುತ್ತೂರಿಂದ ಸೀರೆಯೊಳಗೆ ಸುತ್ತಿ ತಂದದ್ದು?” ಆಮೇಲೆ ಮೊಮ್ಮಗಳಿಗೆ ಉಪಯೋಗ ಹೇಳಿದರು. ಕೂಸಿನ ಹೊಟ್ಟೆಗೆ, ಗಂಟಲಿಗೆ, ಅಲ್ಲಾಡುವ ಹಲ್ಲಿಗೆ. “ಒಗರು ಮಗಾ. ಸಡಿಲ ಆದದ್ದನ್ನೆಲ್ಲ ಬಿಗಿ ಮಾಡ್ತದೆ.”

ಅನ್ವಿತಾ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅತ್ತೆ ಕೂಸಿಗೆಂದು ಕಲ್ಲಿನ ಮೇಲೆ ತೇಯ್ದಿಟ್ಟಿದ್ದ ಮಾಚಿಕಾಯಿಯನ್ನು ಬೆರಳಿಗೆ ಬಳಿದು, “ಪಪ್ಪಾ, ಓಪನ್” ಎಂದಳು. ತಪ್ಪು ಮಾಡಿದವನು, ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಅಂಟಿತು.

“ಪಪ್ಪಾ, ಕೆಳಗಿನ ಕೊನೊಕಾರ್ಪಸ್ ಯಾವ ದೇಶದ್ದು?”

ಬಾಯಲ್ಲಿ ನಾಲ್ಕು ದೇಶದ ಹೆಸರು ಸಿದ್ಧವಾಗಿಯೇ ಇದ್ದವು. ಮಗಳ ಮುಖ ನೋಡಿದೆ.

“ನನಗೆ ಗೊತ್ತಿಲ್ಲ ಮಗಾ” ಎಂದೆ.

ಒಳಗಿನಿಂದ ಹೆಂಡತಿ ಕೂಗಿದಳು: “ಅಮ್ಮಾ, ಇವರಿಗೆ ಅಂಗಡಿಯ ಆ ಚೀಲ ಇಡೀ ತರಿಸಿಬಿಡು!”